ಹೋಸ್ಟ್ ಆಫ್‌ಲೈನ್ ಇದ್ದಾಗ ಗೆಳೆಯರು ಅದೇ ಮೈನ್‌ಕ್ರಾಫ್ಟ್ ಲೋಕದಲ್ಲಿ ಆಡಬಹುದೇ?

ಇಬ್ಬರು ಗೆಳೆಯರು ಸೇರಿ ತಿಂಗಳುಗಟ್ಟಲೆ ಮೈನ್‌ಕ್ರಾಫ್ಟ್‌ನಲ್ಲಿ ಒಂದು ಊರು ಕಟ್ಟಿದ್ದಾರೆ ಎಂದುಕೊಳ್ಳಿ. ಮನೆ, ಹೊಲ, ಗಣಿ, ಪೆಟ್ಟಿಗೆ ತುಂಬ ವಜ್ರ, ಎಲ್ಲವೂ ಇದೆ. ಅಷ್ಟರಲ್ಲಿ ಒಬ್ಬನಿಗೆ ಪರೀಕ್ಷೆ ಬಂತು, ಮನೆಯವರು ಫೋನ್ ತೆಗೆದಿಟ್ಟರು. ಇನ್ನೊಬ್ಬ ಆಟ ತೆರೆದರೆ ಆ ಊರೇ ಕಾಣಿಸುವುದಿಲ್ಲ. ಆಗ ಶುರುವಾಗುತ್ತವೆ ಸಲಹೆಗಳು: ‘ನಿನ್ನ ಪಾಸ್‌ವರ್ಡ್ ಕೊಡು, ನಾನೇ ಓಪನ್ ಮಾಡ್ಕೊಳ್ತೀನಿ’, ‘ಈ ಎಪಿಕೆ ಹಾಕ್ಕೋ, ವರ್ಲ್ಡ್ 24 ಗಂಟೆ ಓಪನ್ ಇರುತ್ತೆ’. ಇವುಗಳಲ್ಲಿ ಹುರುಳಿದೆಯೇ? ಸರಿಯಾದ ದಾರಿ ಯಾವುದು? ನೋಡೋಣ.

ಚುಟುಕು ಉತ್ತರ

ಹೋಸ್ಟ್‌ನ ಫೋನಿನಲ್ಲೇ ಇರುವ ಲೋಕವನ್ನು ಹೋಸ್ಟ್ ಇಲ್ಲದಾಗ ಬೇರೆಯವರು ತೆರೆಯಲು ಆಗುವುದಿಲ್ಲ. ಆದರೆ ಲೋಕದ ಫೈಲನ್ನು ಗೆಳೆಯನಿಗೆ ಮೊದಲೇ ಕಳುಹಿಸಬಹುದು, ಅಥವಾ ಲೋಕವನ್ನು ಸರ್ವರ್‌ನಲ್ಲಿ ಇಡಬಹುದು. ಎರಡಕ್ಕೂ ಪಾಸ್‌ವರ್ಡ್ ಕೊಡಬೇಕಾಗಿಲ್ಲ.

ಲೋಕ ಇರುವುದು ಎಲ್ಲಿ?

ಬಿಜಿಎಂಐನಂತಹ ಆಟಗಳಲ್ಲಿ ಪಂದ್ಯ ನಡೆಯುವುದು ಕಂಪನಿಯ ಸರ್ವರ್‌ನಲ್ಲಿ. ಒಬ್ಬ ಹೊರಗೆ ಹೋದರೂ ಉಳಿದವರ ಆಟ ನಿಲ್ಲುವುದಿಲ್ಲ. ಮೈನ್‌ಕ್ರಾಫ್ಟ್ ಕೂಡ ಹಾಗೆಯೇ ಎಂದು ಅನೇಕರು ನಂಬಿದ್ದಾರೆ. ಅದು ತಪ್ಪು.

ಮೈನ್‌ಕ್ರಾಫ್ಟ್‌ನಲ್ಲಿ ನೀವು ಹೊಸ ಲೋಕ ಸೃಷ್ಟಿಸಿದಾಗ ಅದು ಸಾಮಾನ್ಯವಾಗಿ ನಿಮ್ಮ ಫೋನಿನಲ್ಲೇ ಸೇವ್ ಆಗುತ್ತದೆ. ಗೆಳೆಯ ಸೇರಿದಾಗ ಅವನ ಫೋನ್ ನಿಮ್ಮ ಫೋನಿಗೆ ಸಂಪರ್ಕಗೊಳ್ಳುತ್ತದೆ. ಅಂದರೆ ನಿಮ್ಮ ಫೋನೇ ಆಗ ಸರ್ವರ್. ನೀವು ಆಟ ಮುಚ್ಚಿದರೆ ಅವನೂ ಹೊರಗೆ ಬೀಳುತ್ತಾನೆ. ಮನೆಯವರು ಬೀಗ ಹಾಕಿಕೊಂಡು ಹೋದಾಗ ನೆಂಟರು ಒಳಗಿರಲು ಆಗದ ಹಾಗೆ.

‘ನಾವು ಆಡದಿದ್ದರೂ ಬೆಳೆ ಬೆಳೆಯುತ್ತಿರುತ್ತದೆ’ ಎಂಬುದೂ ತಪ್ಪು. ಲೋಕ ಮುಚ್ಚಿದ್ದಾಗ ಅಲ್ಲಿನ ಕಾಲವೂ ನಿಂತಿರುತ್ತದೆ.

ದಾರಿ 1: ಫೈಲ್ ಕಳುಹಿಸುವುದು

ಇದು ಖರ್ಚಿಲ್ಲದ ದಾರಿ. ಫೋನಿನ ಮೈನ್‌ಕ್ರಾಫ್ಟ್‌ನಲ್ಲಿ ಲೋಕದ ಹೆಸರಿನ ಪಕ್ಕದ ಪೆನ್ಸಿಲ್ ಗುರುತನ್ನು ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಕೆಳಗೆ ಹೋದರೆ ‘ಎಕ್ಸ್‌ಪೋರ್ಟ್ ವರ್ಲ್ಡ್’ ಎಂಬ ಆಯ್ಕೆ ಇದೆ. ಅದು ಇಡೀ ಲೋಕವನ್ನು ‘ಎಂಸಿವರ್ಲ್ಡ್’ ಎಂಬ ಒಂದೇ ಫೈಲ್ ಮಾಡಿಕೊಡುತ್ತದೆ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಅಥವಾ ಗೂಗಲ್ ಡ್ರೈವ್ ಮೂಲಕ ಕಳುಹಿಸಿ. ಗೆಳೆಯ ಅದನ್ನು ಮೈನ್‌ಕ್ರಾಫ್ಟ್‌ನಲ್ಲಿ ತೆರೆದರೆ ಲೋಕ ಅವನ ಪಟ್ಟಿಗೆ ಸೇರುತ್ತದೆ. ಕಂಪ್ಯೂಟರ್‌ನ ಜಾವಾ ಆವೃತ್ತಿಯಲ್ಲಿ ಮಾತ್ರ ಈ ಫೈಲ್ ನೇರವಾಗಿ ತೆರೆಯುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳಿವೆ.

ಒಂದು, ಹೋಸ್ಟ್‌ನ ಚೀಲದಲ್ಲಿರುವ ಸಾಮಾನು ‘ಈ ಲೋಕದ ಮಾಲೀಕ’ ಎಂಬ ಲೆಕ್ಕದಲ್ಲಿ ಸೇವ್ ಆಗಿರುತ್ತದೆ. ಹಾಗಾಗಿ ಫೈಲ್ ತೆರೆದ ಗೆಳೆಯನ ಕೈಗೆ ನಿಮ್ಮ ಚೀಲವೇ ಸಿಗುತ್ತದೆ, ಅವನದ್ದಲ್ಲ. ಕಳುಹಿಸುವ ಮೊದಲು ಇಬ್ಬರೂ ತಮ್ಮ ಸಾಮಾನನ್ನು ಲೋಕದೊಳಗಿನ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಹಾಕಿಟ್ಟರೆ ಏನೂ ಅದಲುಬದಲಾಗುವುದಿಲ್ಲ.

ಎರಡು, ಕಳುಹಿಸಿದ ಮೇಲೆ ಲೋಕ ಒಂದಲ್ಲ, ಎರಡು. ಅವನು ತನ್ನ ಪ್ರತಿಯಲ್ಲಿ ಸೇತುವೆ ಕಟ್ಟಿ, ನೀವು ನಿಮ್ಮ ಪ್ರತಿಯಲ್ಲಿ ಗೋಪುರ ಕಟ್ಟಿದರೆ ಅವೆರಡನ್ನೂ ಒಂದೇ ಲೋಕಕ್ಕೆ ಸೇರಿಸುವ ಗುಂಡಿ ಆಟದಲ್ಲಿ ಇಲ್ಲ. ಒಬ್ಬರ ಶ್ರಮ ಬಿಟ್ಟುಕೊಡಲೇಬೇಕಾಗುತ್ತದೆ. ಎಷ್ಟೋ ಗೆಳೆತನಗಳಲ್ಲಿ ಮನಸ್ತಾಪ ಬರುವುದು ಇಲ್ಲೇ. ಆದ್ದರಿಂದ ಒಂದು ನಿಯಮ ಮಾಡಿಕೊಳ್ಳಿ: ಫೈಲ್ ಯಾರ ಬಳಿ ಹೋಗಿದೆಯೋ ಅವರು ಮಾತ್ರ ಆಡಬೇಕು. ಹಿಂದಿರುಗಿಸುವಾಗ ಫೈಲಿನ ಹೆಸರಿನಲ್ಲಿ ತಾರೀಖು ಹಾಕಬೇಕು. ಹೊಸದು ತೆರೆದು ನೋಡುವ ತನಕ ಹಳೆಯದನ್ನು ಅಳಿಸಬಾರದು.

ದಾರಿ 2: ರೆಲ್ಮ್ಸ್

ಇದು ಮೈನ್‌ಕ್ರಾಫ್ಟ್‌ನ ಅಧಿಕೃತ ಚಂದಾ ಸೇವೆ. ಲೋಕ ಕಂಪನಿಯ ಸರ್ವರ್‌ನಲ್ಲಿ ಇರುವುದರಿಂದ ಮಾಲೀಕ ಆಫ್‌ಲೈನ್ ಇದ್ದರೂ ಆಹ್ವಾನ ಪಡೆದ ಗೆಳೆಯರು ಆಡಬಹುದು. ಚಂದಾ ಕಟ್ಟಬೇಕಾದವರು ಮಾಲೀಕರೊಬ್ಬರೇ. ರೆಲ್ಮ್ಸ್ ಪ್ಲಸ್‌ನಲ್ಲಿ ಮಾಲೀಕರ ಜೊತೆ ಒಂದೇ ಸಲಕ್ಕೆ 10 ಮಂದಿ ಆಡಬಹುದು. ಚಂದಾ ನಿಲ್ಲಿಸುವ ಯೋಚನೆ ಇದ್ದರೆ ಮೊದಲು ಲೋಕವನ್ನು ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ.

ದಾರಿ 3: ಬೇರೆ ಸರ್ವರ್

ಅಟರ್ನೋಸ್‌ನಂತಹ ಉಚಿತ ಸೇವೆಗಳೂ ಇವೆ. ಅಲ್ಲಿ ಯಾರೂ ಆಡದಿದ್ದಾಗ ಸರ್ವರ್ ಆಫ್ ಆಗುತ್ತದೆ, ಆಡಬೇಕೆಂದಾಗ ಯಾರಾದರೂ ಮತ್ತೆ ಆನ್ ಮಾಡಬೇಕು. ಆನ್ ಮಾಡುವ ಅನುಮತಿಯನ್ನು ಗೆಳೆಯನ ಖಾತೆಗೂ ಕೊಡಬಹುದು, ಪಾಸ್‌ವರ್ಡ್ ಹಂಚಬೇಕಿಲ್ಲ.

ಮನೆಯ ಕಂಪ್ಯೂಟರನ್ನೇ ಸರ್ವರ್ ಮಾಡಲು ಬೇಕಾದ ತಂತ್ರಾಂಶವನ್ನು ವಿಂಡೋಸ್ ಮತ್ತು ಉಬುಂಟುಗಾಗಿ ಕಂಪನಿಯೇ ಉಚಿತವಾಗಿ ಕೊಡುತ್ತದೆ. ಆದರೆ ಆ ಕಂಪ್ಯೂಟರ್ ಸದಾ ಆನ್ ಇರಬೇಕು, ಹೊರಗಿನವರು ಸೇರಲು ರೂಟರ್‌ನಲ್ಲಿ ದಾರಿ ತೆರೆಯಬೇಕು. ಒಂದೇ ಐಪಿ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಇಂಟರ್ನೆಟ್ ಸಂಪರ್ಕಗಳಲ್ಲಿ ಇದು ಕೆಲಸ ಮಾಡುವುದಿಲ್ಲ.

ಪಾಸ್‌ವರ್ಡ್ ಕೊಟ್ಟರೆ ಏನಾಗುತ್ತದೆ?

ಮೊದಲನೆಯದಾಗಿ, ಉಪಯೋಗವೇ ಇಲ್ಲ. ಲೋಕ ಇರುವುದು ಫೋನಿನಲ್ಲಿ. ನಿಮ್ಮ ಖಾತೆಯಿಂದ ಗೆಳೆಯ ತನ್ನ ಫೋನಿನಲ್ಲಿ ಲಾಗಿನ್ ಆದ ಮಾತ್ರಕ್ಕೆ ನಿಮ್ಮ ಫೋನಿನ ಲೋಕ ಅಲ್ಲಿಗೆ ಬರುವುದಿಲ್ಲ.

ಎರಡನೆಯದಾಗಿ, ಮೈನ್‌ಕ್ರಾಫ್ಟ್‌ಗೆ ಬಳಸುವುದು ಮೈಕ್ರೋಸಾಫ್ಟ್ ಖಾತೆ. ಅದೇ ಖಾತೆಯಲ್ಲಿ ಇಮೇಲ್, ಒನ್‌ಡ್ರೈವ್‌ನ ಫೋಟೋಗಳು, ಖರೀದಿಯ ವಿವರ ಎಲ್ಲವೂ ಇರಬಹುದು. ಒಂದು ಆಟಕ್ಕಾಗಿ ಮನೆಯ ಇಡೀ ಕೀಲಿಗೊಂಚಲು ಕೊಟ್ಟಂತೆ. ಪಾಸ್‌ವರ್ಡ್ ಆಗಲಿ ಒಟಿಪಿ ಆಗಲಿ ಎಷ್ಟೇ ಆಪ್ತರಿಗೂ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಬದಲಿಸಿ.

‘24 ಗಂಟೆ ಓಪನ್’ ಎಪಿಕೆಗಳ ಕಥೆಯೂ ಅಷ್ಟೇ. ಸ್ವಿಚ್ ಆಫ್ ಆಗಿರುವ ಫೋನಿನೊಳಗಿನ ಲೋಕವನ್ನು ಯಾವ ಆ್ಯಪ್ ಕೂಡ ನಡೆಸಲಾರದು. ಪ್ಲೇ ಸ್ಟೋರ್‌ನ ಹೊರಗಿನ ಇಂತಹ ಫೈಲ್‌ಗಳ ಜೊತೆ ಎಸ್‌ಎಂಎಸ್ ಓದಿ ಒಟಿಪಿ ಕದಿಯುವ ತಂತ್ರಾಂಶ ಬರಬಹುದು. ಮಕ್ಕಳು ಆಡುವ ಫೋನಿನಲ್ಲೇ ಅಪ್ಪ ಅಮ್ಮನ ಯುಪಿಐ ಕೂಡ ಇದ್ದರೆ ಅಪಾಯ ಇನ್ನೂ ಹೆಚ್ಚು. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಇನ್ನೊಂದು ಮಾತು: ಫೋನಿನಲ್ಲಿ ಜಾಗ ಸಾಲದೆಂದು ಮೈನ್‌ಕ್ರಾಫ್ಟ್ ಅನ್‌ಇನ್‌ಸ್ಟಾಲ್ ಮಾಡಿದರೆ ಅದರೊಳಗಿನ ಲೋಕಗಳೂ ಅಳಿಸಿಹೋಗಬಹುದು. ಆಟ ಮತ್ತೆ ಸಿಗುತ್ತದೆ, ಕಟ್ಟಿದ ಊರು ಸಿಗುವುದಿಲ್ಲ. ಮಕ್ಕಳ ಫೋನಿನಿಂದ ಆಟ ತೆಗೆಯುವ ಪೋಷಕರೂ ಇದನ್ನು ಗಮನಿಸಬೇಕು. ಮೊದಲು ಎಕ್ಸ್‌ಪೋರ್ಟ್ ಮಾಡಿಡಿ, ಆಮೇಲೆ ತೆಗೆಯಿರಿ.

ನಮ್ಮ ತೀರ್ಮಾನ

ಹೋಸ್ಟ್ ಇಲ್ಲದಾಗಲೂ ಜೊತೆಯಾಗಿ ಕಟ್ಟಿದ ಲೋಕದಲ್ಲಿ ಆಡಬಹುದು, ಆದರೆ ಅದಕ್ಕೆ ಹೋಸ್ಟ್ ಮೊದಲೇ ವ್ಯವಸ್ಥೆ ಮಾಡಿರಬೇಕು. ಕೆಲವು ದಿನಗಳ ಮಟ್ಟಿಗಾದರೆ ಫೈಲ್ ಸಾಕು. ದಿನವೂ ಹಲವರು ಆಡುವುದಾದರೆ ಸರ್ವರ್ ಒಳ್ಳೆಯದು. ಹಂಚಿಕೊಳ್ಳಬೇಕಾದದ್ದು ಲೋಕವನ್ನು, ಖಾತೆಯನ್ನಲ್ಲ. ‘ಪಾಸ್‌ವರ್ಡ್ ಕೊಡು’ ಎನ್ನುವ ಗೆಳೆಯರಿಗೆ ಈ ಬರಹವನ್ನೇ ಫಾರ್ವರ್ಡ್ ಮಾಡಿ.