ಎಸೆಯಬಾರದ ಹಳೆಯ ಕಡತ



ನಾನು ವೈದ್ಯನಲ್ಲ, ಚಾರ್ಟರ್ಡ್ ಅಕೌಂಟೆಂಟ್. ನಮ್ಮ ಕಸುಬಿನಲ್ಲಿ ಹಳೆಯ ಕಡತಗಳನ್ನು ಇಂತಿಷ್ಟು ವರ್ಷ ಇಟ್ಟುಕೊಂಡು ಆಮೇಲೆ ಎಸೆಯಬಹುದು. ಕಿಡ್ನಿ ಕ್ಯಾನ್ಸರಿಗೆ ಆ ಲೆಕ್ಕ ನಡೆಯುವುದಿಲ್ಲ. ಕಿಡ್ನಿ ತೆಗೆಸಿ ಗುಣವಾದೆವೆಂದು ನೆಮ್ಮದಿಯಾಗಿದ್ದವರಿಗೆ ಹತ್ತು, ಇಪ್ಪತ್ತು ವರ್ಷಗಳ ನಂತರ ಅದೇ ರೋಗ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಗಂಟಾಗಿ ಕಾಣಿಸಿಕೊಂಡದ್ದುಂಟು. ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವ ದಾರಿ ಮೂರು ಹಂತಗಳಲ್ಲಿ ತೆರೆಯಿತು.

ಮೊದಲನೆಯದು, ಒಂದು ಕಿಡ್ನಿಯಲ್ಲೇ ಬದುಕಬಹುದೆಂಬ ಧೈರ್ಯ. 1869ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗುಸ್ತಾವ್ ಸೈಮನ್, ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿ, ನಂತರ ಒಬ್ಬ ಮಹಿಳೆಯ ಕಿಡ್ನಿ ತೆಗೆದರು. ಆಕೆಗಿದ್ದದ್ದು ಕ್ಯಾನ್ಸರ್ ಅಲ್ಲ, ಮೂತ್ರನಾಳದ ತೊಂದರೆ. ಆಕೆ ಬದುಕಿದರು.

ಎರಡನೆಯದು, ಥೈರಾಯ್ಡಿಗೆ ಕತ್ತಿ ಹಾಕುವ ಕೌಶಲ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡರ್ ಕೋಖರ್, ರಕ್ತಸ್ರಾವವನ್ನು ಹತೋಟಿಗೆ ತಂದು ಈ ಶಸ್ತ್ರಚಿಕಿತ್ಸೆಯನ್ನು ಸುರಕ್ಷಿತಗೊಳಿಸಿದರು. ಆದರೆ ನನ್ನಂಥ ಲೆಕ್ಕಿಗನಿಗೆ ಇಷ್ಟವಾಗುವುದು ಅವರ ಇನ್ನೊಂದು ಕೆಲಸ. ಹಳೆಯ ರೋಗಿಗಳನ್ನು ಮತ್ತೆ ಕರೆಸಿ ಪರೀಕ್ಷಿಸಿದರು. ಗ್ರಂಥಿಯನ್ನು ಪೂರ್ತಿ ಕಳೆದುಕೊಂಡ ಅನೇಕರು ಊದಿಕೊಂಡು ಮಂಕಾಗಿದ್ದರು. 1883ರಲ್ಲಿ ಅದನ್ನು ಮುಚ್ಚಿಡದೆ ವೈದ್ಯರ ಮುಂದಿಟ್ಟರು. 1909ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ಗ್ರಂಥಿ ತೆಗೆದವರು ದಿನಕ್ಕೊಂದು ಹಾರ್ಮೋನ್ ಮಾತ್ರೆ ನುಂಗಿ ಆರೋಗ್ಯವಾಗಿರುತ್ತಾರೆ.

ಮೂರನೆಯದು, ಹರಡಿದ ಕ್ಯಾನ್ಸರನ್ನೂ ಕತ್ತರಿಸಿ ತೆಗೆಯಬಹುದೆಂಬ ನಂಬಿಕೆ. 1939ರಲ್ಲಿ ಅಮೆರಿಕದ ಬಾಸ್ಟನ್‌ನ ಬಾರ್ನಿ ಮತ್ತು ಚರ್ಚಿಲ್ ಒಬ್ಬ ರೋಗಿಯ ವಿವರ ಪ್ರಕಟಿಸಿದರು. ಕಿಡ್ನಿಯನ್ನೂ, ರೋಗ ಹರಡಿದ್ದ ಶ್ವಾಸಕೋಶದ ಭಾಗವನ್ನೂ ತೆಗೆದಿದ್ದರು. ಆ ರೋಗಿ ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಿ, ಕೊನೆಗೆ ಹೃದಯದ ಕಾಯಿಲೆಯಿಂದ ತೀರಿಕೊಂಡರು.

ಥೈರಾಯ್ಡಿಗೂ ಅದೇ ತರ್ಕ. ರೋಗ ಅಲ್ಲಿಗಷ್ಟೇ ಹರಡಿದ್ದರೆ ಗ್ರಂಥಿಯ ಅರ್ಧವನ್ನೋ ಪೂರ್ತಿಯನ್ನೋ ತೆಗೆಯುತ್ತಾರೆ. ಹಲವರಿಗೆ ವರ್ಷಗಟ್ಟಲೆ ಆಯಸ್ಸು ಸಿಕ್ಕಿದೆ. ಬೇರೆ ಅಂಗಗಳಿಗೂ ಹಬ್ಬಿದ್ದರೆ ಔಷಧಿಯ ಜೊತೆ ತೂಗಿ ನೋಡಿ ನಿರ್ಧರಿಸುತ್ತಾರೆ. ಥೈರಾಯ್ಡಿನದೇ ಕ್ಯಾನ್ಸರಿಗೆ ಕೊಡುವ ವಿಕಿರಣ ಅಯೋಡಿನ್ ಇದಕ್ಕೆ ನಾಟುವುದಿಲ್ಲ. ಆದ್ದರಿಂದ ಗಂಟು ಎಲ್ಲಿಯದೆಂದು ಗುರುತಿಸುವುದೇ ಮುಖ್ಯ. ಸೂಜಿಯಿಂದ ತೆಗೆದ ಮಾದರಿ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಹಿಂದೆ ಕಿಡ್ನಿ ಕ್ಯಾನ್ಸರ್ ಇತ್ತೆಂದು ಗೊತ್ತಿದ್ದರೆ ಪ್ರಯೋಗಾಲಯದವರು ಅದಕ್ಕೆ ತಕ್ಕ ಪರೀಕ್ಷೆ ಮಾಡುತ್ತಾರೆ.

ನಮ್ಮ ಕಷ್ಟ ಇರುವುದು ಇಲ್ಲೇ. ಆಪರೇಷನ್ ಊರಿನಲ್ಲಿ, ಕೆಲಸ ಇಲ್ಲಿ, ಕಾಗದಗಳು ಅಮ್ಮನ ಬೀರುವಿನಲ್ಲಿ. ಈ ಸಲ ರಜೆಗೆ ಹೋದಾಗ ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಮ್ಮರಿ ಹುಡುಕಿ ತನ್ನಿ. ಕುತ್ತಿಗೆಯಲ್ಲಿ ಗಂಟು ಕಂಡರೆ, "ಅದು ಹಳೇ ಕಥೆ" ಎನ್ನದೆ ವೈದ್ಯರಿಗೆ ಮೊದಲು ಅದನ್ನೇ ಹೇಳಿ.