ಗಾಲಿಯ ದನಿಯನ್ನು ಆಲಿಸಿದವರು

ಕುಮಟಾದಿಂದ ಹೊರಟು ಸಂತೆಗುಳಿಯನ್ನು ಹಾದು, ಅಡಕೆ ತೆಂಗುಗಳ ತೋಟಗಳ ನಡುವೆ ಬಳುಕುತ್ತ ಸಿದ್ದಾಪುರದ ಕಡೆಗೆ ದೊಡ್ಮನೆ ಘಟ್ಟವೇರುವ ರಸ್ತೆಯಲ್ಲಿ ಕಾರಿನ ಮುಂದಣ ಗಾಲಿಯೊಂದು ಅಪರಿಚಿತವಾದ ಸದ್ದು ಮಾಡತೊಡಗಿದರೆ, ಅದನ್ನು ಯಂತ್ರಯುಗದ ಉಪದ್ರವಗಳಲ್ಲೊಂದೆಂದು ಭಾವಿಸಿ ಚಾಲಕನು ಗೊಣಗುವುದು ಸಹಜ. ಆದರೆ ದನಿಯಿಂದ ಗಾಲಿಯ ವ್ಯಾಧಿಯನ್ನು ನಿರ್ಣಯಿಸುವ ವಿದ್ಯೆ ಮೋಟಾರಿಗಿಂತ ಹಳೆಯದು; ಅದು ಈ ಸೀಮೆಗೆ ಎತ್ತಿನ ಗಾಡಿಯೊಡನೆ ಬಂದಿತು.

ಅದಕ್ಕೂ ಹಿಂದೆ ಘಟ್ಟದ ಹಾದಿಗಳಲ್ಲಿ ಗಾಲಿಗೆ ಎಡೆಯೇ ಇರಲಿಲ್ಲವೆನ್ನಬಹುದು. ಮೇಲುಸೀಮೆಯ ಅಡಕೆ ಮೆಣಸುಗಳು ಇಳಿಯುತ್ತಿದ್ದುದೂ, ಸಾಣಿಕಟ್ಟಾದ ಉಪ್ಪು ಏರುತ್ತಿದ್ದುದೂ ಹೇರೆತ್ತುಗಳ ಬೆನ್ನಮೇಲೆ, ಇಲ್ಲವೆ ಆಳುಗಳ ತಲೆಯಮೇಲೆ. 1862ರಲ್ಲಿ ಉತ್ತರ ಕನ್ನಡವು ಮದರಾಸಿನ ಆಡಳಿತದಿಂದ ಮುಂಬಯಿಯ ಆಡಳಿತಕ್ಕೆ ಸೇರಿತು. ಅದೇ ಸಮಯದಲ್ಲಿ, ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರವೊದಗಲು, ಧಾರವಾಡ ಸೀಮೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ದೇವಿಮನೆ ಘಟ್ಟವನ್ನಿಳಿದು ಕುಮಟಾ ಬಂದರಿಗೆ ಬಂದು, ಹೊರನಾಡಿನ ಪೇಟೆಗಳಲ್ಲಿ ಆ ಬಂದರಿನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಈ ವೈಭವವು ಬಹುಕಾಲ ಬಾಳಲಿಲ್ಲ; 1880ರ ದಶಕದ ಕೊನೆಗೆ ರೈಲುಹಾದಿಯು ಮಾರ್ಮಗೋವೆಯನ್ನು ಮುಟ್ಟಿದಮೇಲೆ ಹತ್ತಿಯು ಆ ಕಡೆಗೆ ತಿರುಗಿಬಿಟ್ಟಿತು. ಹತ್ತಿ ಹೋದರೂ ಗಾಡಿ ಉಳಿಯಿತು, ಗಾಡಿಕಾರನ ಕಿವಿಯೂ ಉಳಿಯಿತು.

ಆ ಕಿವಿಗೆ ತಿಳಿದಿದ್ದ ಸಂಗತಿಗಳು ಅಲ್ಪವಲ್ಲ. ಅಚ್ಚು ಒಣಗಿದಾಗ ಹೊರಡುವ ದೀರ್ಘವಾದ ಕಿರಿಚಾಟಕ್ಕೆ ಕೀಲೆಣ್ಣೆಯೇ ಮದ್ದು. ಆದರೆ ಗಾಲಿಯ ನಡುವಣ ಗುಂಭದ ತೂತು ಸವೆದು ಅಗಲವಾಗಿ, ಗಾಲಿಯು ಓಲಾಡುತ್ತ ಸುತ್ತುಸುತ್ತಿಗೂ ದಡಕ್ಕೆಂದರೆ, ಗಾಡಿಯನ್ನು ಎತ್ತಿ ನಿಲ್ಲಿಸಿ, ಎರಡು ಕೈಗಳಿಂದ ಗಾಲಿಯನ್ನು ಅಲುಗಿಸಿ ನೋಡಿ, ಆಚಾರಿಯಲ್ಲಿಗೆ ಒಯ್ಯತಕ್ಕದ್ದು. ಬೇಸಗೆಯಲ್ಲಿ ಮರ ಕುಗ್ಗಿ ಕಬ್ಬಿಣದ ಪಟ್ಟಿಯು ಗಲಗುಟ್ಟಿದರೆ ಗಾಲಿಯನ್ನು ನೀರಿನಲ್ಲಿ ನೆನೆಯಿಡುವುದುಂಟು. ಅದರಿಂದಲೂ ಸರಿಹೋಗದಿದ್ದರೆ ಪಟ್ಟಿಯನ್ನು ಕಿರಿದುಮಾಡಿ, ಕೆಂಪಗೆ ಕಾಯಿಸಿ ತೊಡಿಸಿ ನೀರೆರೆಯಲು, ಅದು ಸಂಕೋಚಗೊಂಡು ಮರವನ್ನು ಬಿಗಿದಪ್ಪುವುದು. ಸದ್ದೇ ಮಾಡದ ಅಪಾಯವೊಂದಿತ್ತು, ಗಾಲಿಯನ್ನು ಅಚ್ಚಿನಲ್ಲಿ ಹಿಡಿದಿಡುವ ಕಡೆಗೀಲು ಕಳಚಿಬೀಳುವುದು. ವಚನಕಾರರಲ್ಲಿ ಆದ್ಯರೆನಿಸಿದ ಜೇಡರ ದಾಸಿಮಯ್ಯನವರು ದೇಹವನ್ನು ಬಂಡಿಯೆಂದೂ ಶಿವಭಕ್ತರ ನುಡಿಯನ್ನು ಅದರ ಕಡೆಗೀಲೆಂದೂ ಹೇಳಿದಾಗ, ಕೇಳಿದವರಿಗೆ ವ್ಯಾಖ್ಯಾನ ಬೇಕಾಗಿದ್ದಿರಲಾರದು.

ಮೋಟಾರು ಈ ವಿದ್ಯೆಯನ್ನು ಅಳಿಸಲಿಲ್ಲ. ಗಾಡಿಯು ತಿರುವಿನಲ್ಲಿ ಸಾಗುವಾಗ ಗಾಲಿಯಮೇಲೆ ಭಾರವು ಮೇಲಿನಿಂದಷ್ಟೇ ಅಲ್ಲದೆ ಪಕ್ಕದಿಂದಲೂ ಬೀಳುವುದೆಂಬುದನ್ನು ಗಮನಿಸಿ, 1898ರಲ್ಲಿ ಶಂಕುವಿನಾಕಾರದ ಉರುಳೆಗಳುಳ್ಳ ಬೇರಿಂಗಿಗೆ ಪೇಟೆಂಟು ಪಡೆದ ಹೆನ್ರಿ ಟಿಮ್ಕೆನ್ ಮೂಲತಃ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕುದುರೆಗಾಡಿಗಳನ್ನು ಕಟ್ಟುತ್ತಿದ್ದವನು. ನಮ್ಮ ಹಳೆಯ ಕಾರುಗಳಲ್ಲಿ ಹಬ್ಬಿನ ನಟ್ಟನ್ನು ಹದವರಿತು ಬಿಗಿದು, ಅದು ತಿರುಗಿ ಸಡಿಲವಾಗದಂತೆ ಸ್ಪ್ಲಿಟ್ ಪಿನ್ನನ್ನು ತೂರಿಸಿ ಮಡಿಸುತ್ತಿದ್ದ ಮೇಸ್ತ್ರಿಯ ಕೈಯಲ್ಲಿದ್ದುದು ಕಡೆಗೀಲಿನ ವಂಶದ ಕುಡಿಯೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಮೇಲೆ, ದಾರಿ ತೋರುವ ಕೆಲಸದ ಜೊತೆಗೆ ಎಳೆಯುವ ಹೊಣೆಯೂ ಮುಂದಣ ಗಾಲಿಗಳ ಪಾಲಿಗೆ ಬಂದು, ಸದ್ದಿನ ಬಗೆಗಳೂ ಹೆಚ್ಚಿದುವು. ಸ್ಟಿಯರಿಂಗನ್ನು ಪೂರ್ತಿಯಾಗಿ ತಿರುಗಿಸಿ ಮೆಲ್ಲನೆ ಸಾಗುವಾಗ ಟಕಟಕವೆಂದರೆ ಆಕ್ಸಲಿನ ತುದಿಯ ಜಾಯಿಂಟನ್ನು ಶಂಕಿಸಬೇಕು. ಅದರ ರಬ್ಬರಿನ ಮುಸುಕು ಹರಿದು, ಗ್ರೀಸು ಸೋರಿ ಕೆಸರು ಒಳಹೊಕ್ಕಿರುವುದೇ ಹೆಚ್ಚು. ಹೊಂಡಕ್ಕಿಳಿದಾಗಲೆಲ್ಲ ಕಟಕ್ಕೆಂದರೆ ದೋಷವು ಬಾಲ್ ಜಾಯಿಂಟಿನಲ್ಲೋ ಬುಶ್ಶಿನಲ್ಲೋ ಇರಬೇಕು. ವೇಗದೊಡನೆ ಏರುವ ಗುಂಯ್‌ಗುಡುವಿಕೆಯು ಬೇರಿಂಗಿನದು. ಬಲಕ್ಕೆ ತಿರುಗುವಾಗ ಭಾರವು ಎಡಗಾಲಿಗೆ ವಾಲುವುದರಿಂದ, ಆಗ ದನಿ ಹೆಚ್ಚಿದರೆ ಎಡದ ಬೇರಿಂಗನ್ನು ಮೊದಲು ನೋಡತಕ್ಕದ್ದು. ಟೈರಿನ ಏರುಪೇರಾದ ಸವೆತವೂ ಇದೇ ದನಿಯನ್ನು ನಟಿಸಬಲ್ಲುದಾದ್ದರಿಂದ ಗಾಲಿಗಳನ್ನು ಅದಲುಬದಲು ಮಾಡಿ ನೋಡದೆ ತೀರ್ಪು ಕೊಡಬಾರದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ, ಚಿರೇಕಲ್ಲಿನ ಹರಳು ರಸ್ತೆಗೆ ಹರಿದುಬರುವ ಈ ಕರಾವಳಿಯಲ್ಲಿ, ಬ್ರೇಕಿನ ಡಿಸ್ಕಿಗೂ ಅದರ ಹಿಂದಣ ತಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಹರಳೇ ಇಡೀ ಕಾರು ಮುರಿದುಬಿದ್ದಂತೆ ಅರಚಿಸಿ, ಯಜಮಾನನ ಜೇಬಿನಲ್ಲಿ ನಡುಕ ಹುಟ್ಟಿಸುವುದೂ ಉಂಟು.

ಇಂದಿನ ಬೇರಿಂಗು ಕಾರ್ಖಾನೆಯಲ್ಲಿಯೇ ಮುಚ್ಚಿಬರುವ ವಸ್ತು; ಅದನ್ನು ಬಿಚ್ಚಿ ತೊಳೆದು ಗ್ರೀಸು ತುಂಬುವಂತಿಲ್ಲ, ಕಿತ್ತು ಹೊಸದನ್ನು ಹಾಕಬೇಕು. ಇದರಿಂದ ಕೈಯ ಕುಶಲತೆಗೆ ಕೆಲಸ ಕಡಿಮೆಯಾದುದು ನಿಜ. ಆದರೆ ಯಾವುದನ್ನು ಕೀಳಬೇಕೆಂಬ ನಿರ್ಣಯವು ಈಗಲೂ ಹಳೆಯ ಕ್ರಮದಿಂದಲೇ ಆಗತಕ್ಕದ್ದು: ಜಾಕಿನಿಂದ ಗಾಲಿಯನ್ನೆತ್ತಿ, ಮೇಲೊಂದು ಕೈ ಕೆಳಗೊಂದು ಕೈಯಿಟ್ಟು ಅಲುಗಿಸಿ, ಬಳಿಕ ತಿರುಗಿಸಿಬಿಟ್ಟು ಸ್ಪ್ರಿಂಗಿನ ಮೇಲೆ ಬೆರಳಿಟ್ಟು ಒರಟುತನವನ್ನು ಅರಿಯುವುದು. ಇಷ್ಟನ್ನು ಮಾಡದೆ ಬಿಲ್ಲು ಬರೆಯುವ ಗ್ಯಾರೇಜನ್ನು ನಂಬಲಾಗದು. ದೊಡ್ಮನೆ ಘಟ್ಟವನ್ನೇರಲಿರುವ ವಾಚಕರು ಅಂತಹ ದನಿ ಕೇಳಿಬಂದಲ್ಲಿ ರೇಡಿಯೋವಿನ ಸದ್ದನ್ನು ಹೆಚ್ಚಿಸಿ ಅದನ್ನು ಮರೆಯಿಸದೆ, ಕುಮಟಾದಲ್ಲಿಯೇ ಗಾಲಿಯನ್ನು ಎತ್ತಿಸಿ ನೋಡಿಸಿಕೊಂಡು ಮುಂದುವರಿಯಬೇಕು.