ಬಾಟಲಿಯಿಂದ ಕೊಟ್ಟಿಗೆಯವರೆಗೆ: ಪರಿಸರ ಲೆಕ್ಕದೊಳಗಿನ ಊಹೆಗಳು

ಒಂದು ವಸ್ತುವಿನಿಂದ ಪರಿಸರಕ್ಕೆ ಎಷ್ಟು ಹೊರೆ? ಕಚ್ಚಾ ಮಾಲು ತೆಗೆಯುವುದರಿಂದ ಹಿಡಿದು ಕಸಕ್ಕೆ ಎಸೆಯುವವರೆಗೆ ಲೆಕ್ಕ ಹಾಕುವ ವಿಧಾನವೇ ಜೀವನಚಕ್ರ ಮೌಲ್ಯಮಾಪನ. ಇದರ ಚರಿತ್ರೆಯ ಮೊದಲ ಪುಟಗಳಲ್ಲೇ ತಂಪು ಪಾನೀಯದ ಬಾಟಲಿ ಇದೆ.

1969ರಲ್ಲಿ ಅಮೆರಿಕದ ಕೋಕಾ-ಕೋಲಾ ಕಂಪನಿ ಮಿಡ್‌ವೆಸ್ಟ್ ಸಂಶೋಧನಾ ಸಂಸ್ಥೆಗೆ ಒಂದು ಕೆಲಸ ಕೊಟ್ಟಿತು. ಪಾನೀಯ ತುಂಬುವ ಬೇರೆ ಬೇರೆ ಬಾಟಲಿ, ಡಬ್ಬಿಗಳಿಗೆ ಎಷ್ಟು ಇಂಧನ, ಎಷ್ಟು ಕಚ್ಚಾ ಮಾಲು ಬೇಕು, ಎಷ್ಟು ಮಾಲಿನ್ಯ ಆಗುತ್ತದೆ ಎಂದು ಹೋಲಿಸುವ ಕೆಲಸ. ಆ ವರದಿ ಪೂರ್ತಿ ಪ್ರಕಟವಾಗಲಿಲ್ಲ. 1974ರಲ್ಲಿ ಅದೇ ಸಂಸ್ಥೆ ಅಲ್ಲಿನ ಸರ್ಕಾರಕ್ಕಾಗಿ ಒಂಬತ್ತು ಬಗೆಯ ಬಾಟಲಿ, ಡಬ್ಬಿಗಳನ್ನು ಹೋಲಿಸಿತು.

ಊಹೆ ಒಳಗೆ ಬರುವುದು ಇಲ್ಲೇ. ಗಾಜಿನ ಬಾಟಲಿ ತಯಾರಿಸಲು 100 ಪಾಲು ಹೊರೆ, ಪ್ರತಿ ಸಲ ತೊಳೆದು ತುಂಬಲು 10 ಪಾಲು ಎಂದಿಟ್ಟುಕೊಳ್ಳಿ. ಒಂದೇ ಸಲ ಬಳಸಿ ಎಸೆದರೆ 110. ಹತ್ತು ಸಲ ಬಳಸಿದರೆ ಸಲಕ್ಕೆ ಬರೀ 20. ಬಾಟಲಿ ಅದೇ. ಅದು ಎಷ್ಟು ಸಲ ಅಂಗಡಿಗೆ ವಾಪಸ್ ಬರುತ್ತದೆ ಎಂದು ಲೆಕ್ಕದವರು ಹಿಡಿಯುತ್ತಾರೋ ಅದರ ಮೇಲೆ ಉತ್ತರ ನಿಂತಿದೆ.

ಎರಡನೆಯ ಊಹೆ ಕಾಲದ್ದು. ದನ ಮೆಲುಕು ಹಾಕುವಾಗ, ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಮೀಥೇನ್ ಅನಿಲ ಹೊರಬರುತ್ತದೆ. ಒಂದು ಕೆ.ಜಿ. ಮೀಥೇನ್ ಎಷ್ಟು ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ? 1990ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಮೂರು ಉತ್ತರ ಕೊಟ್ಟಿತು: 20 ವರ್ಷದ ಲೆಕ್ಕದಲ್ಲಿ 63, 100 ವರ್ಷಕ್ಕೆ 21, 500 ವರ್ಷಕ್ಕೆ 9. ಮೀಥೇನ್ ಬೇಗ ಕರಗಿಹೋಗುವುದರಿಂದ ಈ ವ್ಯತ್ಯಾಸ. ಆಮೇಲೆ ಅಂಕಿಗಳು ಪರಿಷ್ಕಾರಗೊಂಡಿವೆ, ಅಂತರ ಮಾತ್ರ ಉಳಿದಿದೆ. 1997ರ ಕ್ಯೋಟೊ ಒಪ್ಪಂದ 100 ವರ್ಷವನ್ನೇ ಆರಿಸಿಕೊಂಡಿತು. ಅದು ಪ್ರಕೃತಿ ಹಾಕಿದ ಗೆರೆಯಲ್ಲ, ಮನುಷ್ಯರು ಕೂತು ಮಾಡಿದ ಆಯ್ಕೆ.

ಮೂರನೆಯದು ಪಾಲು ಹಂಚುವ ಪ್ರಶ್ನೆ. ಒಂದು ಹಸು ಹಾಲು, ಕರು, ಗೊಬ್ಬರ ಮೂರನ್ನೂ ಕೊಡುತ್ತದೆ. ಹೊರೆಯನ್ನು ಮಾರಾಟದ ಬೆಲೆಯ ಪ್ರಕಾರ ಹಂಚಿದರೆ, ಮಾರದೆ ನಮ್ಮ ಹೊಲಕ್ಕೇ ಹಾಕಿದ ಗೊಬ್ಬರಕ್ಕೆ ಬೆಲೆ ಸೊನ್ನೆ. ಅದರ ಪಾಲಿನ ಹೊರೆಯೂ ಹಾಲಿನ ತಲೆಗೇ ಬೀಳುತ್ತದೆ. ಗೊಬ್ಬರದ ಪ್ರಯೋಜನವನ್ನೂ ಹಿಡಿದರೆ ಅದೇ ಹಾಲಿನ ಹೊರೆ ತಗ್ಗುತ್ತದೆ.

ಹಾಗಂತ ಈ ಲೆಕ್ಕ ಸುಳ್ಳಲ್ಲ. ಎಲ್ಲಿ ಹೊರೆ ಹೆಚ್ಚು ಎಂದು ತೋರಿಸಲು ಇಂಥದ್ದು ಬೇಕೇ ಬೇಕು. ಆದರೆ ನಾಳೆ ಯಾರಾದರೂ ನಿಮ್ಮ ಹಾಲಿಗೋ ಭತ್ತಕ್ಕೋ ಒಂದು ಅಂಕಿ ಹಚ್ಚಿದರೆ ಮೂರು ಪ್ರಶ್ನೆ ಕೇಳಿ: ಎಷ್ಟು ಸಲದ ಬಳಕೆ ಹಿಡಿದಿರಿ? ಎಷ್ಟು ವರ್ಷದ ಲೆಕ್ಕ? ಯಾವುದಕ್ಕೆ ಎಷ್ಟು ಪಾಲು ಹಾಕಿದಿರಿ?